ದೂರದ ಯುದ್ಧ, ಊರಿನ ಠರಾವು

2024ರ ಜನವರಿ 31ರಂದು ಶಿಕಾಗೊ ನಗರದ ಸಿಟಿ ಹಾಲ್‌ನಲ್ಲಿ ಕೌನ್ಸಿಲ್ ಸಭೆ ಸೇರಿತ್ತು. ಐವತ್ತು ವಾರ್ಡುಗಳ ಪ್ರತಿನಿಧಿಗಳು ಕೂರುವ ಆ ಸಭೆಗೆ ಮಾಮೂಲಾಗಿ ಬರುವ ವಿಷಯಗಳು ನಮ್ಮ ಪಾಲಿಕೆಗಳಿಗೆ ಬರುವಂಥವೇ. ಕಸ, ರಸ್ತೆ, ಕಟ್ಟಡದ ಪರವಾನಗಿ, ಚಳಿಗಾಲ ಬಂತೆಂದರೆ ಹಿಮ ತೆಗೆಯುವ ಲಾರಿ. ಅಂದು ಮೇಜಿನ ಮೇಲಿದ್ದದ್ದು ಗಾಜಾ. ಶಾಶ್ವತ ಕದನವಿರಾಮ ಆಗಬೇಕು, ಒತ್ತೆಯಾಳುಗಳೆಲ್ಲ ಬಿಡುಗಡೆಯಾಗಬೇಕು, ಅಲ್ಲಿನ ಜನರಿಗೆ ನೆರವು ತಲುಪಬೇಕು ಎಂಬ ಠರಾವು. ಹಿಂದಿನ ದಿನವಷ್ಟೇ ನಗರದ ಶಾಲೆಗಳ ನೂರಾರು ಮಕ್ಕಳು ತರಗತಿ ಬಿಟ್ಟು ಠರಾವಿನ ಪರವಾಗಿ ಬೀದಿಗೆ ಬಂದಿದ್ದರು. ಸಭೆಯ ದಿನ ಗ್ಯಾಲರಿಯಲ್ಲಿ ಗದ್ದಲವೆದ್ದು, ಮೇಯರ್ ಅದನ್ನು ತೆರವು ಮಾಡಿಸಬೇಕಾಯಿತು. ಮತಕ್ಕೆ ಹಾಕಿದಾಗ ಪರವಾಗಿ 23, ವಿರುದ್ಧವಾಗಿ 23. ಸಮ ಸಮ ಆದಾಗ ಮೇಯರ್ ಮತ ಹಾಕುವುದು ಅಲ್ಲಿನ ನಿಯಮ. ಮೇಯರ್ ಬ್ರ್ಯಾಂಡನ್ ಜಾನ್ಸನ್ ಪರವಾಗಿ ಮತ ಹಾಕಿದರು. ಗಾಜಾದಲ್ಲಿ ಕದನವಿರಾಮ ಆಗಲಿ ಎಂದು ಅಧಿಕೃತವಾಗಿ ಕೇಳಿದ, ಅಲ್ಲಿಯವರೆಗಿನ ಅಮೆರಿಕದ ಅತಿ ದೊಡ್ಡ ನಗರ ಎಂದು ಶಿಕಾಗೊ ಒಂದೇ ಒಂದು ಮತದಿಂದ ದಾಖಲಾಯಿತು.

ಶಿಕಾಗೊದಿಂದ ಗಾಜಾಕ್ಕೆ ಹೆಚ್ಚುಕಡಿಮೆ ಹತ್ತು ಸಾವಿರ ಕಿಲೋಮೀಟರ್. ಶಿಕಾಗೊ ನಗರಕ್ಕೆ ಸೈನ್ಯವಿಲ್ಲ, ರಾಯಭಾರಿ ಇಲ್ಲ, ವಿಶ್ವಸಂಸ್ಥೆಯಲ್ಲಿ ಕುರ್ಚಿ ಇಲ್ಲ. ಅದರ ಠರಾವು ಒಂದು ಗುಂಡನ್ನೂ ತಡೆಯಲಾರದು. ಹಾಗಿದ್ದ ಮೇಲೆ ಒಂದು ನಗರಾಡಳಿತ ಪರದೇಶದ ಯುದ್ಧದ ಬಗ್ಗೆ ನಿಲುವು ತಾಳುವುದು ಸರಿಯೆ? ಇದನ್ನು ಅಮೆರಿಕದವರ ಒಳಜಗಳ ಎಂದು ನಾವು ಬದಿಗಿಡುವಂತಿಲ್ಲ. ಪ್ರಜೆ ಮತ್ತು ಆಡಳಿತದ ನಡುವಿನ ಸಂಬಂಧ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಇದರೊಳಗಿದೆ. ಅದು ನಮ್ಮದೂ ಹೌದು.

ಮೊದಲು ವಿರೋಧಿಗಳ ಮಾತು ಕೇಳೋಣ, ಅದರಲ್ಲಿ ತೂಕವಿದೆ. ಕಾರ್ಪೊರೇಟರನ್ನು ಜನ ಆರಿಸುವುದು ಚರಂಡಿ, ನೀರು, ಬೀದಿದೀಪ ನೋಡಿಕೊಳ್ಳಲೆಂದು. ಯುದ್ಧದ ಬಗ್ಗೆ ಅವರ ನಿಲುವೇನೆಂದು ಮತ ಹಾಕುವಾಗ ಯಾರೂ ಕೇಳಿರುವುದಿಲ್ಲ. ಅಲ್ಲದೆ ಊರಿನಲ್ಲಿ ಆ ಯುದ್ಧದ ಎರಡೂ ಕಡೆಯವರು ಬಾಳುತ್ತಿರುತ್ತಾರೆ. ಒಂದೇ ಬೀದಿಯಲ್ಲಿ ಅಂಗಡಿ ಇಟ್ಟಿರುತ್ತಾರೆ, ಅವರ ಮಕ್ಕಳು ಒಂದೇ ಶಾಲೆಗೆ ಹೋಗುತ್ತಿರುತ್ತಾರೆ. ತಮ್ಮ ತೆರಿಗೆಯಿಂದ ನಡೆಯುವ ನಗರಸಭೆ ಒಂದು ಕಡೆ ವಾಲಿತು ಎಂದರೆ ಇನ್ನೊಂದು ಕಡೆಯವರಿಗೆ ಊರೇ ಪರಕೀಯವಾದಂತೆ ಅನಿಸುತ್ತದೆ. ಶಿಕಾಗೊ ಠರಾವಿಗೆ ಕೆಲವೇ ವಾರ ಮೊದಲು, 2024ರ ಜನವರಿ 9ರಂದು, ಸ್ಯಾನ್ ಫ್ರಾನ್ಸಿಸ್ಕೊದ ಮೇಲ್ವಿಚಾರಕರ ಮಂಡಳಿ ಎಂಟು-ಮೂರು ಮತಗಳಿಂದ ಇಂಥದ್ದೇ ಠರಾವು ಮಾಡಿತು. ಅಲ್ಲಿನ ಮೇಯರ್ ಲಂಡನ್ ಬ್ರೀಡ್ ಅದಕ್ಕೆ ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ಮಂಡಳಿ ನಡೆಸಿದ ಈ ಕಸರತ್ತಿನಿಂದ ಊರಿನೊಳಗಿನ ಒಡಕು ಹೆಚ್ಚಾಯಿತು ಎಂದು ಬಹಿರಂಗವಾಗಿ ಟೀಕಿಸಿದರು. ಪಕ್ಕದ ಬರ್ಕ್ಲಿ ನಗರದ ಮೇಯರ್ ಕೂಡ ಇಂಥ ಠರಾವು ಬೇಡವೆಂದರು. ಲೋಕದ ಎಲ್ಲ ವಿಷಯಕ್ಕೂ ದನಿ ಎತ್ತುವ ಊರು ಎಂದೇ ಹೆಸರಾದ ಬರ್ಕ್ಲಿಯಲ್ಲಿ ಇದು ಹಲವರಿಗೆ ಅಚ್ಚರಿ ತಂದಿತು.

ಹಾಗೆಂದು ಇದು ನಿನ್ನೆ ಮೊನ್ನೆ ಶುರುವಾದ ರೂಢಿಯಲ್ಲ. ಫೋರ್ಡ್ ಕಾರಿನ ಕಾರ್ಖಾನೆಗೆ ಹೆಸರಾದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಪಟ್ಟಣದಲ್ಲಿ 1966ರಲ್ಲಿಯೇ ವಿಯೆಟ್ನಾಂ ಯುದ್ಧದ ಬಗ್ಗೆ ಮತಪತ್ರದಲ್ಲಿ ಪ್ರಶ್ನೆ ಕೇಳಲಾಯಿತು. ತಕ್ಷಣ ಕದನವಿರಾಮ ಘೋಷಿಸಿ ಸೈನ್ಯವನ್ನು ವಾಪಸು ಕರೆಸಬೇಕೆ ಎಂಬ ಪ್ರಶ್ನೆಗೆ ಹತ್ತರಲ್ಲಿ ಸುಮಾರು ನಾಲ್ವರು ಹೌದು ಎಂದರು. ಸೋಲು. ಆದರೆ ಎರಡು ವರ್ಷದ ನಂತರ, 1968ರಲ್ಲಿ, ಅದೇ ಊರಿನ ಜನ ಬಹುಮತದಿಂದ ಸೈನ್ಯ ವಾಪಸಾಗಲಿ ಎಂದರು. ಆ ಎರಡು ವರ್ಷದಲ್ಲಿ ಏನಾಗಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆಗ ಕಡ್ಡಾಯ ಸೈನಿಕ ಸೇವೆ ಜಾರಿಯಲ್ಲಿತ್ತು. ವಿಯೆಟ್ನಾಂಗೆ ಹೋದವರ ಶವಪೆಟ್ಟಿಗೆಗಳು ಬರುತ್ತಿದ್ದದ್ದು ಇಂಥ ಊರುಗಳಿಗೇ.

2003ರಲ್ಲಿ ಇರಾಕ್ ಮೇಲಿನ ಯುದ್ಧಕ್ಕೆ ಮೊದಲು ನೂರಕ್ಕೂ ಹೆಚ್ಚು ಅಮೆರಿಕನ್ ನಗರಗಳು ಠರಾವು ಮಾಡಿದವು. ಶಿಕಾಗೊದಲ್ಲಿ ಆಗ ಪರವಾಗಿ 46, ವಿರುದ್ಧವಾಗಿ ಒಂದೇ ಮತ. ಒಂದೂವರೆ ವರ್ಷದ ಹಿಂದಷ್ಟೇ ತನ್ನ ಅವಳಿ ಗೋಪುರಗಳನ್ನು ಕಳೆದುಕೊಂಡಿದ್ದ ನ್ಯೂಯಾರ್ಕ್ ನಗರದ ಕೌನ್ಸಿಲ್ ಕೂಡ ಮಾರ್ಚ್ 12ರಂದು 31-17 ಮತಗಳಿಂದ ಯುದ್ಧವನ್ನು ವಿರೋಧಿಸಿತು. ಎಂಟು ದಿನದಲ್ಲಿ ಬಾಂಬುಗಳು ಬಾಗ್ದಾದಿನ ಮೇಲೆ ಬಿದ್ದವು. ಠರಾವಿನಿಂದ ಯುದ್ಧ ನಿಲ್ಲುವುದಿಲ್ಲ ಎನ್ನುವವರು ಈ ಉದಾಹರಣೆಯನ್ನು ತಪ್ಪದೆ ಕೊಡುತ್ತಾರೆ. ನಿಜ, ನಿಲ್ಲಲಿಲ್ಲ. ಆದರೆ ಆ ಠರಾವುಗಳ ಒಡಲಿನಲ್ಲಿ ಊರಿನ ಲೆಕ್ಕವಿತ್ತು. ಯುದ್ಧಕ್ಕೆ ಸುರಿಯುವ ಹಣ ನಗರಗಳಿಗೆ ಬರುವ ಅನುದಾನದಿಂದ ಕಡಿತವಾಗುತ್ತದೆ, ಮೀಸಲು ಪಡೆಗೆ ಹೆಸರು ಕೊಟ್ಟ ಊರಿನ ಪೊಲೀಸರು, ಅಗ್ನಿಶಾಮಕ ದಳದವರು ಯುದ್ಧಕ್ಕೆ ಹೋಗಬೇಕಾಗುತ್ತದೆ ಎಂಬ ಲೆಕ್ಕ. ಎಂಟು ವರ್ಷದ ಬಳಿಕ, 2011ರ ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಅಮೆರಿಕದ ಮೇಯರ್‌ಗಳ ಸಮ್ಮೇಳನ, ಯುದ್ಧದ ಹಣ ಮನೆಗೆ ಮರಳಲಿ ಎಂದು ಒತ್ತಾಯಿಸಿತು. ಬಾಗ್ದಾದ್, ಕಂದಹಾರ್‌ಗಳಲ್ಲಿ ಸೇತುವೆ ಕಟ್ಟುತ್ತೇವೆ, ಬಾಲ್ಟಿಮೋರ್, ಕ್ಯಾನ್ಸಾಸ್ ಸಿಟಿಗಳಲ್ಲಿ ಕಟ್ಟುವುದಿಲ್ಲ, ಇದು ತಲೆಗೆ ಹೋಗದ ಮಾತು ಎಂಬರ್ಥದಲ್ಲಿ ಲಾಸ್ ಏಂಜಲೀಸ್ ಮೇಯರ್ ಆಂಟೋನಿಯೊ ವಿಯಾರಗೋಸಾ ಅಲ್ಲಿ ಹೇಳಿದರು. ತನ್ನ ಸೇತುವೆಯ ಬಗ್ಗೆ ಮಾತಾಡುವ ಹಕ್ಕು ನಗರಕ್ಕೆ ಇಲ್ಲ ಎಂದು ಯಾರು ತಾನೆ ಹೇಳಿಯಾರು?

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ತಿಳಿದಿರಬೇಕು. ಅಮೆರಿಕದಲ್ಲಿ ವಿದೇಶಾಂಗ ವ್ಯವಹಾರ ಕೇಂದ್ರ ಸರ್ಕಾರದ್ದು. ಹಾಗಿದ್ದೂ ನಗರಗಳು ಬರೀ ಅಭಿಪ್ರಾಯ ಹೇಳುವ ಠರಾವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೊಡಕು ಶುರುವಾಗುವುದು ಹಣ ಮತ್ತು ಕಾಯ್ದೆಯ ಅಧಿಕಾರವನ್ನು ಬಳಸಿದಾಗ. ಬರ್ಮಾದ ಸೇನಾಡಳಿತದೊಂದಿಗೆ ವ್ಯವಹಾರ ಮಾಡುವ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಸಿಗದಂತೆ ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಕಾನೂನು ಮಾಡಿತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ರದ್ದು ಮಾಡಿತು. ಬರ್ಮಾದ ಮೇಲೆ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದನ್ನು ಅಧ್ಯಕ್ಷರ ವಿವೇಚನೆಗೆ ಅಮೆರಿಕದ ಸಂಸತ್ತು ಬಿಟ್ಟಿರುವಾಗ, ನಡುವೆ ಒಂದು ರಾಜ್ಯ ಕೈ ಹಾಕುವಂತಿಲ್ಲ ಎಂಬುದು ತೀರ್ಪಿನ ಸಾರ. ತನ್ನ ಎಲ್ಲೆಯೊಳಗೆ ಅಣ್ವಸ್ತ್ರದ ಕೆಲಸವೇ ನಡೆಯಕೂಡದೆಂದು ಓಕ್ಲೆಂಡ್ ನಗರ ಮಾಡಿದ ಕಾನೂನೂ 1990ರಲ್ಲಿ ಹೀಗೆಯೇ ಬಿದ್ದುಹೋಯಿತು.

ಆದರೆ ದಕ್ಷಿಣ ಆಫ್ರಿಕಾದ ಕತೆ ಬೇರೆ. ವರ್ಣಭೇದ ನೀತಿಯ ಸರ್ಕಾರದೊಂದಿಗೆ ನಂಟಿದ್ದ ಬ್ಯಾಂಕುಗಳಿಂದ ನಗರದ ಹಣವನ್ನು ತೆಗೆಯಬೇಕೆಂದು ಬರ್ಕ್ಲಿಯ ಮತದಾರರು 1979ರಲ್ಲೇ ನಿರ್ಧರಿಸಿದರು. ಮುಂದೆ ಹತ್ತಾರು ನಗರಗಳು ಅದೇ ದಾರಿ ಹಿಡಿದವು. ಬಾಲ್ಟಿಮೋರ್ ನಗರ ತನ್ನ ನೌಕರರ ಪಿಂಚಣಿ ನಿಧಿಯನ್ನು ಅಂಥ ಕಂಪನಿಗಳಿಂದ ಹಿಂತೆಗೆಯಲು ಹೊರಟಾಗ ವ್ಯಾಜ್ಯವಾಯಿತು. 1989ರಲ್ಲಿ ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ ನಗರದ ಪರವಾಗಿ ನಿಂತಿತು. ಅಷ್ಟರೊಳಗೆ, 1986ರಲ್ಲಿ, ಅಧ್ಯಕ್ಷ ರೇಗನ್ ತಡೆದರೂ ಕೇಳದೆ ಸಂಸತ್ತು ದಕ್ಷಿಣ ಆಫ್ರಿಕಾದ ಮೇಲೆ ನಿರ್ಬಂಧದ ಕಾಯ್ದೆ ತಂದಿತ್ತು. ನಗರಸಭೆಗಳಲ್ಲಿ ಹುಟ್ಟಿದ ಮಾತು ಏಳು ವರ್ಷ ನಡೆದು ರಾಜಧಾನಿಯ ಬಾಗಿಲು ತಲುಪಿತ್ತು. ಈ ನಗರಗಳು ಯಾರಿಗೂ ಉಪದೇಶ ಮಾಡಲು ಹೋಗಲಿಲ್ಲ. ನಮ್ಮ ಹಣ ಅನ್ಯಾಯದಲ್ಲಿ ದುಡಿಯುವುದು ಬೇಡ ಎಂದು ತಮ್ಮ ಗಂಟನ್ನು ತಾವು ಹಿಂದಕ್ಕೆ ತೆಗೆದುಕೊಂಡವು. ಅವುಗಳ ಮಾತಿಗೆ ಬೆಲೆ ಬಂದದ್ದು ಅದರಿಂದ.

ಇನ್ನು ಜನ ಏಕೆ ನಗರಸಭೆಗೇ ಹೋಗುತ್ತಾರೆ ಎಂಬುದನ್ನೂ ನೋಡಬೇಕು. ಅಮೆರಿಕದ ಬಹುಪಾಲು ಊರುಗಳಲ್ಲಿ ಕೌನ್ಸಿಲ್ ಸಭೆಗೆ ಯಾರು ಬೇಕಾದರೂ ಹೋಗಿ, ಹೆಸರು ಬರೆಸಿ, ಮೈಕಿನ ಮುಂದೆ ಎರಡೋ ಮೂರೋ ನಿಮಿಷ ಮಾತಾಡಬಹುದು. ಗಡಿಯಾರ ಓಡುತ್ತಿರುತ್ತದೆ, ಹೊತ್ತು ಮೀರಿದರೆ ಮೈಕು ಬಂದ್. ಆದರೂ ಆ ಎರಡು ನಿಮಿಷ ನಿಮ್ಮದೇ. ಅಧ್ಯಕ್ಷರ ಮುಂದೆ, ಸೆನೆಟರರ ಮುಂದೆ ಅದು ಸಿಗುವುದಿಲ್ಲ. ಗಾಜಾ ಯುದ್ಧದ ಆ ಚಳಿಗಾಲದಲ್ಲಿ ಊರೂರಿನ ಸಭೆಗಳಿಗೆ ಜನ ಬಂದು ಸರತಿಯಲ್ಲಿ ನಿಂತರು. ಬಾಂಬಿಗೆ ಬಂಧುಗಳನ್ನು ಕಳೆದುಕೊಂಡ ಪ್ಯಾಲೆಸ್ತೀನ್ ಮೂಲದವರಿದ್ದರು. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ನಡೆದ ದಾಳಿಯಲ್ಲಿ ತಮ್ಮವರನ್ನು ಕಳೆದುಕೊಂಡ, ಒತ್ತೆಯಾಳುಗಳ ದಾರಿ ಕಾಯುತ್ತಿದ್ದ ಯಹೂದಿಗಳಿದ್ದರು. ಸಂಕಟ ಹೇಳಿಕೊಳ್ಳಲು ಅವರಿಗೆ ತೆರೆದಿದ್ದ ಸರ್ಕಾರದ ಬಾಗಿಲು ಅದೊಂದೇ. ಚರಂಡಿಯ ವಿಷಯ ಇದ್ದರೆ ಹೇಳಿ, ಇಲ್ಲದಿದ್ದರೆ ಎದ್ದು ಹೋಗಿ ಎಂದು ಆ ಬಾಗಿಲನ್ನೂ ಮುಚ್ಚುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ದೂರದ ಯುದ್ಧ ಎಂದು ನಾವು ಅಂದುಕೊಂಡದ್ದು ದೂರ ಇರುವುದೂ ಇಲ್ಲ. 2023ರ ಅಕ್ಟೋಬರ್ 14ರಂದು ಶಿಕಾಗೊದ ಹೊರವಲಯದ ಪ್ಲೇನ್‌ಫೀಲ್ಡ್‌ನಲ್ಲಿ ಪ್ಯಾಲೆಸ್ತೀನ್ ಮೂಲದ ಆರು ವರ್ಷದ ಹುಡುಗನೊಬ್ಬನನ್ನು ಅವನ ಕುಟುಂಬವಿದ್ದ ಬಾಡಿಗೆ ಮನೆಯ ಮಾಲೀಕನೇ ಚಾಕುವಿನಿಂದ ಇರಿದು ಕೊಂದ. ತಾಯಿ ತೀವ್ರವಾಗಿ ಗಾಯಗೊಂಡು ಬದುಕಿದರು. ಅದು ದ್ವೇಷದಿಂದ ಮಾಡಿದ ಕೊಲೆ ಎಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದದ್ದನ್ನು ನೆನೆದರೆ ಇದು ನಮಗೂ ಅರ್ಥವಾಗುತ್ತದೆ. ಅದುವರೆಗೆ ಆ ಜಿಲ್ಲೆಯ ಎಷ್ಟು ಮಂದಿ ಹಾರ್ಕಿವ್ ಹೆಸರು ಕೇಳಿದ್ದರೋ ತಿಳಿಯದು. ಅಂದು ಸಂಜೆಯ ಹೊತ್ತಿಗೆ ಆ ಹೆಸರು ಊರಿನ ಪ್ರತಿ ಚಹಾದಂಗಡಿಯಲ್ಲೂ ಇತ್ತು.

ಹೀಗಾಗಿ ನಗರ ಮಾತಾಡಲೇಬಾರದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಮಾತಾಡುವ ನಗರ ತಪ್ಪುವುದು ಎಲ್ಲಿ ಎಂಬುದಕ್ಕೂ ಇತಿಹಾಸದಲ್ಲಿ ಪಾಠವಿದೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಏಷ್ಯಾ, ಆಫ್ರಿಕಾ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ವರ್ಣಭೇದದ ವಿರುದ್ಧ ಆ ನಗರದ ನಿಲುವು ಗಟ್ಟಿಯಾಗಿತ್ತು, ಸರಿಯಾಗಿಯೂ ಇತ್ತು. 1984ರಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೊರಟಾಗ ಲೆಸ್ಟರ್ ಕ್ಲಬ್ಬಿನ ಮೂವರು ಆಟಗಾರರು ಅದರಲ್ಲಿದ್ದರು. ಪ್ರವಾಸವನ್ನು ಬಹಿರಂಗವಾಗಿ ಖಂಡಿಸಬೇಕು, ಆಟಗಾರರನ್ನು ತಡೆಯಬೇಕು ಎಂದು ನಗರಸಭೆ ಕ್ಲಬ್ಬಿಗೆ ಹೇಳಿತು. ವರ್ಣಭೇದವನ್ನು ನಾವೂ ವಿರೋಧಿಸುತ್ತೇವೆ, ಆಟಗಾರರಿಗೆ ತಿಳಿಹೇಳಿದ್ದೇವೆ, ಆದರೆ ತಡೆಯುವ ಅಧಿಕಾರ ನಮಗಿಲ್ಲ ಎಂದು ಕ್ಲಬ್ಬು ಉತ್ತರಿಸಿತು. ನಗರಸಭೆ ಸಿಟ್ಟಾಗಿ ತನ್ನ ಮೈದಾನವನ್ನು ಕ್ಲಬ್ಬು ಒಂದು ವರ್ಷ ಬಳಸದಂತೆ ನಿಷೇಧಿಸಿತು. 1985ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ನಿಷೇಧವನ್ನು ಕಿತ್ತುಹಾಕಿತು. ಕಾನೂನಿಗೆ ವಿರುದ್ಧವಾದದ್ದೇನನ್ನೂ ಮಾಡದ ಪ್ರಜೆಗಳನ್ನು, ತಾನು ಹೇಳಿಕೊಟ್ಟ ಮಾತನ್ನು ಆಡಲಿಲ್ಲವೆಂದು ನಗರಸಭೆ ಶಿಕ್ಷಿಸುವಂತಿಲ್ಲ ಎಂಬುದು ಅದರ ತಿರುಳು. ವರ್ಣಭೇದ ಪಾಪ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಈ ತೀರ್ಪು ಸರಿ ಎನ್ನುತ್ತೇನೆ. ಊರಿನ ಮೈದಾನ ಊರಿನ ಎಲ್ಲರದು. ನಿಲುವಿಗೆ ಒಪ್ಪದವರ ಪಾಲಿಗೂ ಅದರ ಗೇಟು ತೆರೆದಿರಬೇಕು.

ಇನ್ನೊಂದು ಪಾಠ ನಮ್ಮ ಹತ್ತಿರದ್ದೇ. 2020ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರದ ಕೌನ್ಸಿಲ್ ಭಾರತದ ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಎನ್‌ಆರ್‌ಸಿಗಳ ವಿರುದ್ಧ ಠರಾವು ಮಾಡಿತು. ಅದನ್ನು ಮಂಡಿಸಿದವರು ಪುಣೆಯಲ್ಲಿ ಹುಟ್ಟಿದ ಕೌನ್ಸಿಲರ್ ಕ್ಷಮಾ ಸಾವಂತ್. ಅದು ಯುದ್ಧವಲ್ಲ, ಒಂದು ದೇಶದ ಕಾನೂನು. ಆದರೆ ಪ್ರಶ್ನೆ ಒಂದೇ. ಸಿಯಾಟಲ್ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಭಾರತೀಯರು, ಅವರಲ್ಲಿ ಕನ್ನಡಿಗರೂ, ಸಾಕಷ್ಟಿದ್ದಾರೆ. ಠರಾವಿನ ಪರ ನಿಂತ ಭಾರತೀಯರೂ ಇದ್ದರು, ವಿರುದ್ಧ ನಿಂತವರೂ ಇದ್ದರು. ಈ ಪ್ರಕರಣವನ್ನು ನಾವು ಪ್ರತಿಯೊಬ್ಬರೂ ಕನ್ನಡಿಯಂತೆ ಎದುರಿಗೆ ಇಟ್ಟುಕೊಳ್ಳಬೇಕು. ಗಾಜಾ ಠರಾವಿಗೆ ಚಪ್ಪಾಳೆ ತಟ್ಟಿ, ಭಾರತದ ಬಗ್ಗೆ ಮಾತಾಡಲು ಸಿಯಾಟಲ್ ಯಾರು ಎಂದು ಕೇಳುವುದು ಸಲ್ಲದು. ಸಿಯಾಟಲ್‌ಗೆ ಚಪ್ಪಾಳೆ ತಟ್ಟಿ, ನಾಳೆ ಯಾವುದೋ ನಗರ ನಮಗೆ ಹಿಡಿಸದ ಠರಾವು ಮಾಡಿದಾಗ ಅದರ ಅಧಿಕಾರವನ್ನೇ ಪ್ರಶ್ನಿಸುವುದೂ ಸಲ್ಲದು. ನಗರಕ್ಕೆ ಮಾತಾಡುವ ಹಕ್ಕಿದೆ ಎಂದಾದರೆ ನಮ್ಮ ಮನಸ್ಸಿಗೆ ನೋವಾಗುವ ಮಾತಿಗೂ ಅದು ಅನ್ವಯಿಸುತ್ತದೆ.

ಹೀಗೆ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಹೆಣಗುತ್ತಿರುವ ಒಂದು ನಗರವಿದೆ. ಹಿರೋಶಿಮಾ. ಯಾವ ದೇಶ ಅಣ್ವಸ್ತ್ರ ಪರೀಕ್ಷೆ ನಡೆಸಿದರೂ 1968ರಿಂದ ಅಲ್ಲಿನ ಮೇಯರ್ ಆ ದೇಶಕ್ಕೆ ಪ್ರತಿಭಟನೆಯ ಪತ್ರ ಬರೆಯುತ್ತಾರೆ. ಅಮೆರಿಕಕ್ಕೆ ಬರೆದಿದ್ದಾರೆ, ಫ್ರಾನ್ಸಿಗೆ, ಚೀನಾಕ್ಕೆ, ಉತ್ತರ ಕೊರಿಯಾಕ್ಕೆ ಬರೆದಿದ್ದಾರೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆದಾಗ ನಮಗೂ ಬರೆದರು. ತಿಂಗಳ ಕೊನೆಯಲ್ಲಿ ಪಾಕಿಸ್ತಾನ ಪರೀಕ್ಷೆ ಮಾಡಿದಾಗ ಅವರಿಗೂ. ಆ ಪತ್ರಗಳ ಪ್ರತಿಗಳನ್ನು ಹಿರೋಶಿಮಾದ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿ ಫಲಕಗಳಾಗಿ ಸಾಲಾಗಿ ಜೋಡಿಸಿದ್ದಾರೆ. ಪತ್ರದಿಂದ ಬಾಂಬು ನಿಂತಿತೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆ ನಗರದ ಮಾತಿನ ಹಿಂದೆ ಅದರ ಸತ್ತವರಿದ್ದಾರೆ. 1982ರಲ್ಲಿ ಹಿರೋಶಿಮಾದ ಮೇಯರ್ ತಕೇಶಿ ಅರಾಕಿ ಆರಂಭಿಸಿದ ಶಾಂತಿಗಾಗಿ ಮೇಯರ್‌ಗಳ ಒಕ್ಕೂಟದಲ್ಲಿ ಇಂದು 8,000ಕ್ಕೂ ಹೆಚ್ಚು ನಗರಗಳಿವೆ.

ಅದೇ ಜಪಾನಿನ ಕೋಬೆ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೋಬೆಯ ಬಂದರಿನ ಆಡಳಿತ ನಗರದ ಕೈಯಲ್ಲಿದೆ. 1975ರ ಮಾರ್ಚ್ 18ರಂದು ನಗರಸಭೆ ಒಂದು ಠರಾವು ಮಾಡಿತು. ಬಂದರಿಗೆ ಬರುವ ಯುದ್ಧನೌಕೆ ತನ್ನಲ್ಲಿ ಅಣ್ವಸ್ತ್ರ ಇಲ್ಲವೆಂದು ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ಪ್ರವೇಶವಿಲ್ಲ. ಅಣ್ವಸ್ತ್ರ ಇದೆ ಎಂದಾಗಲಿ ಇಲ್ಲವೆಂದಾಗಲಿ ಹೇಳದಿರುವುದು ಅಮೆರಿಕದ ನೌಕಾಪಡೆಯ ನೀತಿ. ಹೀಗಾಗಿ ದಶಕಗಳ ಕಾಲ ಅದರ ಯುದ್ಧನೌಕೆಗಳು ಕೋಬೆಯತ್ತ ಸುಳಿಯಲಿಲ್ಲ. ನಗರದ ಠರಾವು ಬಲಿಷ್ಠ ನೌಕಾಪಡೆಯನ್ನು ಹೊರಗೆ ನಿಲ್ಲಿಸಿದ್ದು ಹೇಗೆಂದರೆ, ಕೋಬೆ ಲೋಕಕ್ಕೆಲ್ಲ ಬುದ್ಧಿ ಹೇಳದೆ ತನ್ನ ಹೊಸ್ತಿಲಿನ ಮೇಲೆ ನಿಂತು ಮಾತಾಡಿತು.

ಆದರೆ ಅಳತೆಗೋಲನ್ನು ಒಂದೇ ಸಮ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನೂ ಜಪಾನಿನಲ್ಲೇ ಕಾಣಬಹುದು. ಉಕ್ರೇನ್ ಯುದ್ಧದ ಕಾರಣ 2022ರಲ್ಲಿ ಹಿರೋಶಿಮಾ ತನ್ನ ಆಗಸ್ಟ್ 6ರ ಅಣುಬಾಂಬ್ ಸ್ಮರಣೆಗೆ ರಷ್ಯಾವನ್ನು ಕರೆಯುವುದು ಬಿಟ್ಟಿತು. 2024ರಲ್ಲಿ ಇಸ್ರೇಲನ್ನು ಕರೆಯಿತು. ಇದ್ಯಾವ ನ್ಯಾಯ ಎಂಬ ಟೀಕೆ ಬಂತು. ಮೂರು ದಿನದ ನಂತರದ ನಾಗಸಾಕಿ ಸ್ಮರಣೆಗೆ ಮೇಯರ್ ಶಿರೊ ಸುಜುಕಿ ಇಸ್ರೇಲ್ ರಾಯಭಾರಿಯನ್ನೂ ಕರೆಯಲಿಲ್ಲ. ಇದು ರಾಜಕೀಯವಲ್ಲ, ಸಮಾರಂಭ ಶಾಂತವಾಗಿ ನಡೆಯಲಿ ಎಂಬ ಕಾಳಜಿ ಎಂದರು. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ರಾಯಭಾರಿಗಳು ನಾಗಸಾಕಿಗೆ ಹೋಗಲಿಲ್ಲ. ಅಮೆರಿಕದ ರಾಯಭಾರಿ ಆಗ ರಾಮ್ ಇಮ್ಯಾನುಯಲ್. ಅವರು ಮೊದಲು ಎಂಟು ವರ್ಷ ಶಿಕಾಗೊದ ಮೇಯರ್ ಆಗಿದ್ದವರು. ಒಂದು ನಗರದ ಆಹ್ವಾನಪತ್ರಿಕೆ ದೊಡ್ಡ ದೊಡ್ಡ ರಾಷ್ಟ್ರಗಳನ್ನು ಇಷ್ಟು ಕಲಕುತ್ತದೆ ಎಂದ ಮೇಲೆ ನಗರದ ದನಿಗೆ ಬೆಲೆಯಿಲ್ಲ ಎನ್ನುವುದು ಹೇಗೆ? ಬೆಲೆ ಇದೆ. ಇರುವುದರಿಂದಲೇ ಅದನ್ನು ಅಳೆದು ತೂಗಿ ಬಳಸಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಬೆಂಗಳೂರಿನ ಒಂದು ವೃತ್ತದ ಬಗ್ಗೆ ಹೇಳದಿರಲಾರೆ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ಹೊರಗೆ ಬಂದು ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ನಿಂತರೆ ಸಿಗುವುದು ಮಿನ್ಸ್ಕ್ ಸ್ಕ್ವೇರ್. ಮ್ಯಾಚು ಇದ್ದ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಟೊದವರು, ಟೀ ಶರ್ಟು ಮಾರುವವರು, ಮುಖಕ್ಕೆ ಬಣ್ಣ ಬಳಿಯುವವರು ಎಲ್ಲರೂ ಆ ಹೆಸರು ಹೇಳುತ್ತಾರೆ. ಅದು ಬೆಲಾರುಸ್ ದೇಶದ ರಾಜಧಾನಿಯ ಹೆಸರು. 1973ರಲ್ಲಿ ಬೆಂಗಳೂರು ಮತ್ತು ಮಿನ್ಸ್ಕ್ ಸೋದರ ನಗರಗಳಾದವು. 2022ರ ಫೆಬ್ರುವರಿ 24ರಂದು ರಷ್ಯಾದ ಪಡೆಗಳು ಉಕ್ರೇನಿಗೆ ನುಗ್ಗಿದಾಗ ಒಂದು ದಾರಿ ಬೆಲಾರುಸ್ ನೆಲದಿಂದಲೇ ಹೊರಟಿತ್ತು. ನಮ್ಮ ಸೋದರ ನಗರದ ಸರ್ಕಾರ ಯುದ್ಧದಲ್ಲಿ ಪಾಲುದಾರ. ಅದೇ ಯುದ್ಧದಲ್ಲಿ ಸತ್ತವನು ನಮ್ಮ ರಾಜ್ಯದ ಹುಡುಗ. ಆಗ ಬೆಂಗಳೂರು ಏನಾದರೂ ಹೇಳಬೇಕಿತ್ತೆ?

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿದೇಶಾಂಗ ವ್ಯವಹಾರವೂ ಯುದ್ಧ-ಶಾಂತಿಯೂ ಕೇಂದ್ರದ ಪಟ್ಟಿಯಲ್ಲಿವೆ. 1992ರ 74ನೇ ತಿದ್ದುಪಡಿ ನಗರಗಳಿಗೆ ಹೇಳಿದ ಹದಿನೆಂಟು ಕೆಲಸಗಳಲ್ಲಿ ಇವಿಲ್ಲ. ಪಾಲಿಕೆಯ ಠರಾವನ್ನು ರದ್ದು ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಇದೆಲ್ಲಕ್ಕಿಂತ ದೊಡ್ಡ ಉತ್ತರವೊಂದಿದೆ. ಅಂದು ಬೆಂಗಳೂರಿನಲ್ಲಿ ಮಾತಾಡಲು ಯಾರೂ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಊರನ್ನು ನಡೆಸಿದವರು ಆಡಳಿತಾಧಿಕಾರಿಗಳು. ಒಂದು ಕೋಟಿಗೂ ಮಿಕ್ಕ ಜನರಿಗೆ ಒಬ್ಬ ಮೇಯರ್ ಇರಲಿಲ್ಲ, ಕಾರ್ಪೊರೇಟರ್ ಇರಲಿಲ್ಲ, ಎರಡು ನಿಮಿಷ ಮಾತಾಡಲು ಮೈಕಿರಲಿಲ್ಲ. ಶಿಕಾಗೊದ ಜನ ಗಾಜಾ ಬಗ್ಗೆ ನಗರಸಭೆಯಲ್ಲಿ ಜಗಳವಾಡಿದ್ದನ್ನು ಓದಿದಾಗ ನನಗೆ ಮೊದಲು ಬಂದ ಭಾವ ಹೊಟ್ಟೆಕಿಚ್ಚು. ಜಗಳವಾಡಲು ಅವರಿಗೊಂದು ಮನೆ ಇದೆ.

ಹಾಗಾದರೆ ನಗರ ಯಾವಾಗ ಬಾಯಿ ತೆರೆಯಬೇಕು? ನನ್ನ ಮಟ್ಟಿಗೆ ಅದು ವಿರಳವಾಗಿರಬೇಕು, ಯುದ್ಧಕ್ಕೂ ಊರಿಗೂ ನಡುವೆ ಕಾಣುವಂಥ ಎಳೆ ಇರಬೇಕು. ಊರಿನ ಜನ ಅಲ್ಲಿ ಸಾಯುತ್ತಿರಬಹುದು, ಊರಿನ ಹಣ ಅಲ್ಲಿ ದುಡಿಯುತ್ತಿರಬಹುದು, ಊರಿನ ಬಂದರಿಗೆ ಆ ನೌಕೆ ಬರುತ್ತಿರಬಹುದು. ಶತ್ರು ಯಾರೆಂದು ನೋಡಿ ಅಳತೆ ಬದಲಾಗಬಾರದು. ಒಪ್ಪದ ಪ್ರಜೆಗೆ ಊರಿನ ಸೌಲಭ್ಯದಲ್ಲಿ ಕೂದಲೆಳೆಯಷ್ಟೂ ಕೊರತೆಯಾಗಬಾರದು. ಎಲ್ಲಕ್ಕಿಂತ ಮೇಲಾಗಿ, ಠರಾವಿನ ಕೊನೆಯ ಸಾಲಿನಲ್ಲಿ ಊರು ತಾನೇನು ಮಾಡುತ್ತೇನೆ ಎಂದು ಬರೆಯಬೇಕು. ನಿರಾಶ್ರಿತರಿಗೆ ಇಷ್ಟು ಮನೆ ಕೊಡುತ್ತೇನೆ, ನನ್ನ ನಿಧಿಯನ್ನು ಆ ಕಂಪನಿಯಿಂದ ತೆಗೆಯುತ್ತೇನೆ, ನನ್ನ ಬೀದಿಯ ಮಸೀದಿಗೂ ಸಿನಗಾಗ್‌ಗೂ ಕಾವಲು ಹಾಕುತ್ತೇನೆ, ಏನೋ ಒಂದು. ಉಕ್ರೇನ್ ಯುದ್ಧ ಆರಂಭವಾದ ತಿಂಗಳೊಳಗೆ ವಾರ್ಸಾ ನಗರಕ್ಕೆ ಸುಮಾರು 3 ಲಕ್ಷ ನಿರಾಶ್ರಿತರು ಬಂದರೆಂದು ಅಲ್ಲಿನ ಮೇಯರ್ ಹೇಳಿದರು. ರೈಲು ನಿಲ್ದಾಣದಲ್ಲಿ ಅವರಿಗೆ ಬಿಸಿ ಸೂಪು ಬಡಿಸಿದ ನಗರಕ್ಕೆ ಆ ಯುದ್ಧದ ಬಗ್ಗೆ ಮಾತಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಎಂಬತ್ತು ವರ್ಷ ಹಿಂದಿನ ಇಂಗ್ಲೆಂಡಿನ ಹೆಂಗಸರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕಾವೆಂಟ್ರಿ ನಗರವನ್ನು ಸುಟ್ಟವು. ಅದರ ಪುರಾತನ ಚರ್ಚು ಹೊರಗೋಡೆಗಳೂ ಗೋಪುರವೂ ಅಷ್ಟೇ ಉಳಿದು ಬಯಲಾಯಿತು. ಎರಡು ವರ್ಷದ ನಂತರ ಸ್ಟಾಲಿನ್‌ಗ್ರಾಡ್ ಉರಿಯತೊಡಗಿದಾಗ ಆ ಉರಿ ಎಂಥದ್ದೆಂದು ಕಾವೆಂಟ್ರಿಗೆ ಗೊತ್ತಿತ್ತು. ಅಲ್ಲಿನ ಎಂಟು ನೂರಕ್ಕೂ ಹೆಚ್ಚು ಮಹಿಳೆಯರು ತಲಾ ಆರು ಪೆನ್ನಿ ಕೂಡಿಸಿ ಸ್ಟಾಲಿನ್‌ಗ್ರಾಡಿಗೆ ಕಳಿಸಿದರು. ಜತೆಗೆ ಒಂದು ಮೇಜುಬಟ್ಟೆ. ಅದರ ಮೇಲೆ ಅವರ ಅಷ್ಟೂ ಹೆಸರುಗಳನ್ನು ಸೂಜಿ ದಾರದಲ್ಲಿ ಹೊಲಿದಿದ್ದರು. ದೊಡ್ಡ ಮರುಕಕ್ಕಿಂತ ಚಿಕ್ಕ ನೆರವು ಮೇಲು ಎಂಬರ್ಥದ ಸಾಲೊಂದನ್ನೂ ಹೊಲಿದಿದ್ದರು. 1944ರಲ್ಲಿ ಆ ಎರಡು ನಗರಗಳು ಗೆಳೆತನದ ಬಂಧ ಮಾಡಿಕೊಂಡವು. ಯುದ್ಧ ಮುಗಿದು ಎರಡೇ ವರ್ಷಕ್ಕೆ ಕಾವೆಂಟ್ರಿ, ತನ್ನನ್ನು ಸುಟ್ಟ ಜರ್ಮನಿಯ ಕೀಲ್ ನಗರದೊಂದಿಗೂ, ಮುಂದೆ ಡ್ರೆಸ್ಡೆನ್‌ನೊಂದಿಗೂ ಕೈ ಜೋಡಿಸಿತು.

2022ರಲ್ಲಿ ಉಕ್ರೇನ್ ಯುದ್ಧದ ಕಾರಣ ಕಾವೆಂಟ್ರಿ ನಗರಸಭೆ ಸ್ಟಾಲಿನ್‌ಗ್ರಾಡ್‌ನೊಂದಿಗಿನ, ಅಂದರೆ ಇಂದಿನ ವೋಲ್ಗೊಗ್ರಾಡ್‌ನೊಂದಿಗಿನ, ಅಧಿಕೃತ ಸಂಬಂಧವನ್ನು ತಡೆಹಿಡಿಯಿತು. ಆ ಠರಾವು ಸರಿಯೋ ತಪ್ಪೋ ಎಂದು ಕಾವೆಂಟ್ರಿಯವರು ಇನ್ನೂ ವಾದಿಸಬಹುದು. ಮೇಜುಬಟ್ಟೆ ಮಾತ್ರ ವೋಲ್ಗೊಗ್ರಾಡಿನ ಯುದ್ಧ ಸಂಗ್ರಹಾಲಯದಲ್ಲಿ ಹಾಗೇ ಇದೆ, ಎಂಟು ನೂರು ಹೆಂಗಸರ ಹೆಸರು ಸಮೇತ. ನಮ್ಮ ಊರಿಗೂ ಒಂದು ದಿನ ಮೇಯರ್ ಬಂದು, ಕೌನ್ಸಿಲ್ ಬಂದು, ಯಾವುದೋ ದೂರದ ಯುದ್ಧದ ಬಗ್ಗೆ ಠರಾವು ಬರೆಯುವ ಹೊತ್ತು ಬಂದರೆ, ಅದನ್ನು ಬರೆಯುವವರು ಮೊದಲು ಆ ಬಟ್ಟೆಯನ್ನು ನೆನೆಯಲಿ ಎಂಬುದು ನನ್ನ ಆಸೆ.